ಕೆಡ್ಡಸದ ಬೋಂಟೆ: ಹೊತ್ತೊಯ್ಯುವ ಪರಿಕರ, ಬಿಟ್ಟುಹೋಗುವ ಪರಿಕರ

ತುಳುನಾಡಿನ ಭೌತಿಕ ಸಂಸ್ಕೃತಿಯನ್ನು ಕುರಿತು ನಡೆದಿರುವ ಅಧ್ಯಯನಗಳಲ್ಲಿ ಬೇಸಾಯದ ಉಪಕರಣಗಳು, ಅಡುಗೆಮನೆಯ ಸಲಕರಣೆಗಳು, ದೈವಾರಾಧನೆಯ ಅಣಿ, ಮುಡಿ, ಮೊಗಗಳು ತಕ್ಕಷ್ಟು ಗಮನವನ್ನು ಪಡೆದಿವೆ. ಬೇಟೆಯ ಪರಿಕರಗಳಿಗೆ ದೊರೆತ ಗಮನ ಕಡಿಮೆ. ದೊರೆತಲ್ಲಿಯೂ ಅದು ಬಹುಮಟ್ಟಿಗೆ ಪಟ್ಟಿಯ ರೂಪದಲ್ಲಿದೆ. ಬಿಲ್ಲು, ಬಾಣ, ಈಟಿ, ಬಲೆ, ಉರುಳು, ಕೋವಿ ಎಂದು ಹೆಸರುಗಳನ್ನು ಒಂದರ ಪಕ್ಕದಲ್ಲೊಂದು ಇರಿಸಲಾಗುತ್ತದೆ. ಆದರೆ ಯಾವ ಬೇಟೆಗಾರನೂ ಇವೆಲ್ಲವನ್ನೂ ಹೊತ್ತುಕೊಂಡು ಒಂದೇ ದಿನ ಕಾಡಿಗೆ ಹೋದವನಲ್ಲ. ಮನೆಯ ಅಂಗಳವನ್ನು ದಾಟುವ ಮೊದಲೇ ಅವನು ಕೆಲವನ್ನು ಕೈಗೆತ್ತಿಕೊಂಡಿರುತ್ತಾನೆ, ಕೆಲವನ್ನು ಮಾಡಿನ ಕೆಳಗೆ ಬಿಟ್ಟಿರುತ್ತಾನೆ. ಈ ಆಯ್ಕೆಯಲ್ಲಿ ಪ್ರಾಣಿಯ ಸ್ವಭಾವ, ನೆಲದ ಸ್ವರೂಪ, ಋತುಮಾನ, ಆಚರಣೆಯ ನಿಷೇಧ, ಊರಿನ ಅಧಿಕಾರವ್ಯವಸ್ಥೆ ಇವೆಲ್ಲವೂ ಒಟ್ಟಾಗಿ ಕೆಲಸ ಮಾಡುತ್ತವೆ. ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ಪರಿಸರವನ್ನು ಮುಂದಿರಿಸಿಕೊಂಡು, ಜಿಂಕೆಯ ಜಾತಿಗೆ ಸೇರಿದ ಪ್ರಾಣಿಗಳ ಬೇಟೆಯನ್ನು ಮುಖ್ಯವಾಗಿ ಗಮನಿಸಿ, ಆ ಆಯ್ಕೆಯ ಕ್ರಮವನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಇಲ್ಲಿ ವಿವರಿಸಲಾಗುವ ಬೇಟೆ ಇಂದು ಕಾನೂನುಬಾಹಿರವಾದುದು. ಆದುದರಿಂದ ಮಾಹಿತಿ ನೀಡಿದವರ ಹೆಸರುಗಳನ್ನಾಗಲಿ ಮನೆತನಗಳನ್ನಾಗಲಿ ಇಲ್ಲಿ ಉಲ್ಲೇಖಿಸಿಲ್ಲ. ಈ ಮೌನದ ಪ್ರಶ್ನೆಯನ್ನು ಕೊನೆಯಲ್ಲಿ ಮತ್ತೆ ಎತ್ತಿಕೊಳ್ಳಲಾಗುವುದು.

ಮೂರು ಪ್ರದೇಶಗಳೂ ನೆರೆಹೊರೆಯವಾದರೂ ಬೇಟೆಯ ದೃಷ್ಟಿಯಿಂದ ಒಂದೇ ಅಲ್ಲ. ಬಂಟ್ವಾಳವು ನೇತ್ರಾವತಿಯ ದಂಡೆಯ ಊರು. ಬಯಲು, ಮಜಲು, ನಡುನಡುವೆ ಗುಡ್ಡೆಗಳು ಇಲ್ಲಿನ ಭೂಲಕ್ಷಣ. ಬೆಳ್ತಂಗಡಿಯು ಘಟ್ಟದ ಬುಡದಲ್ಲಿದೆ. ಚಾರ್ಮಾಡಿ, ನೆರಿಯ, ಶಿಶಿಲ, ಕುತ್ಲೂರುಗಳ ಕಡೆಗೆ ಸಾಗಿದಂತೆ ಕಾಡು ದಟ್ಟವಾಗುತ್ತದೆ. 1987ರಲ್ಲಿ ಘೋಷಿತವಾದ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಂದು ಅಂಚು ಈ ತಾಲೂಕಿನೊಳಗಿದೆ. ಮೂಡುಬಿದಿರೆಯು ಮುರಕಲ್ಲಿನ ಪದವುಗಳ, ಬಸದಿಗಳ ಪರಿಸರ. ಬಯಲಿನ ಅಂಚಿನ ಗುಡ್ಡೆಯಲ್ಲಿ ನಡೆಯುವ ಅರ್ಧ ದಿನದ ಬೇಟೆಗೂ ಘಟ್ಟದ ಬುಡದಲ್ಲಿ ಬೆಳಗಿನಿಂದ ಇರುಳಿನವರೆಗೆ ಸಾಗುವ ಬೇಟೆಗೂ ಬೇಕಾಗುವ ಸಾಮಗ್ರಿ ಒಂದೇ ಆಗಿರಲು ಸಾಧ್ಯವಿಲ್ಲ.

ತುಳುವಿನಲ್ಲಿ ಬೇಟೆಗೆ ‘ಬೋಂಟೆ’ ಎನ್ನುತ್ತಾರೆ. ವರ್ಷದ ಯಾವ ದಿನದಲ್ಲಿಯೂ ಒಬ್ಬಿಬ್ಬರು ಕೂಡಿಕೊಂಡು ಹೋಗುತ್ತಿದ್ದ ಬೇಟೆ ಬೇರೆ, ಊರಿಗೆ ಊರೇ ಹೊರಡುತ್ತಿದ್ದ ಬೋಂಟೆ ಬೇರೆ. ಎರಡನೆಯದು ಕೆಡ್ಡಸದೊಂದಿಗೆ ಹೆಣೆದುಕೊಂಡಿದೆ. ಪುಯಿಂತೆಲ್ ತಿಂಗಳ ಕೊನೆಯಲ್ಲಿ, ಅಂದರೆ ಫೆಬ್ರವರಿಯ ಎರಡನೆಯ ವಾರದ ಸುಮಾರಿಗೆ, ಮೂರು ದಿನ ನಡೆಯುವ ಕೆಡ್ಡಸವು ಭೂಮಿತಾಯಿ ಮುಟ್ಟಾಗುವ ದಿನಗಳೆಂಬ ನಂಬಿಕೆಯ ಆಚರಣೆಯಾಗಿದೆ. ಈ ದಿನಗಳಲ್ಲಿ ಉಳುವಂತಿಲ್ಲ, ಅಗೆಯುವಂತಿಲ್ಲ. ಕೆಡ್ಡಸದ ಮುಂಚೆ ನಲಿಕೆಯವರು ಮನೆಮನೆಗೆ ಬಂದು ಸಾರುವ ಕರೆಯಲ್ಲಿ ಮೂರು ಸಂಗತಿಗಳು ಎದ್ದು ಕಾಣುತ್ತವೆ. ಹಸಿಯನ್ನು ಕಡಿಯಬಾರದು, ಒಣಗಿದ್ದನ್ನು ಮುರಿಯಬಾರದು, ಅರಸರ ಬೋಂಟೆಗೆ ಎಲ್ಲರೂ ಹೋಗಬೇಕು.

ಈ ಮೂರನ್ನೂ ಒಟ್ಟಿಗೆ ಓದಿದಾಗ ಒಂದು ವಿರೋಧಾಭಾಸ ಕಾಣುತ್ತದೆ. ನೆಲಕ್ಕೆ ಗಾಯವಾಗಬಾರದ ದಿನಗಳಲ್ಲಿಯೇ ಪ್ರಾಣಿಯ ರಕ್ತ ಸುರಿಯಬೇಕೆಂಬ ವಿಧಿ ಏಕೆ? ಬೇಸಾಯಕ್ಕೆ ಬಿಡುವು ದೊರೆತುದರಿಂದ ಬೇಟೆ ಎಂಬ ಲೌಕಿಕ ಉತ್ತರವಿದೆ. ಫಲವಂತಿಕೆಯ ಆಚರಣೆಯೆಂಬ ಶಾಸ್ತ್ರೀಯ ಉತ್ತರವೂ ಇದೆ. ಈ ಚರ್ಚೆಗೆ ನಾನು ಇಲ್ಲಿ ಇಳಿಯುವುದಿಲ್ಲ. ನಮ್ಮ ವಿಷಯಕ್ಕೆ ಹೆಚ್ಚು ಪ್ರಸ್ತುತವಾದುದು ಇನ್ನೊಂದಿದೆ. ಈ ಕರೆಯು ಬೇಟೆಗೆ ಹೋಗಿರೆಂದು ಹೇಳುವುದರ ಜೊತೆಗೆ, ಏನನ್ನು ಕೊಂಡೊಯ್ಯಬೇಕೆಂಬುದನ್ನೂ ಪರೋಕ್ಷವಾಗಿ ನಿರ್ಧರಿಸಿಬಿಡುತ್ತದೆ.

ಸಾಮಾನ್ಯ ದಿನಗಳಲ್ಲಿ ಬೇಟೆಗಾರನು ಕತ್ತಿಯೊಂದನ್ನು ಸೊಂಟದ ಕೊಕ್ಕೆಗೆ ಸಿಕ್ಕಿಸಿಕೊಂಡರೆ ಸಾಕು. ಉಳಿದುದನ್ನು ಕಾಡೇ ಒದಗಿಸುತ್ತದೆ. ಸತ್ತ ಪ್ರಾಣಿಯನ್ನು ಹೊರುವ ಗಳು, ಬಲೆಗೆ ಊರೆಗೋಲು, ಕಟ್ಟಲು ಬಳ್ಳಿ, ಇರುಳಾದರೆ ಉರಿಸಲು ಪುಳ್ಳೆ ಇವೆಲ್ಲವೂ ಅಲ್ಲಿಯೇ ದೊರೆಯುತ್ತವೆ. ಹಸಿ ಕಡಿಯಬಾರದು, ಒಣಗಿದ್ದು ಮುರಿಯಬಾರದು ಎಂಬ ಕಟ್ಟಳೆ ಬಿದ್ದೊಡನೆ ಈ ಅನುಕೂಲ ಇಲ್ಲವಾಗುತ್ತದೆ. ಆಗ ಗಳು ಮನೆಯಿಂದಲೇ ಬರಬೇಕು, ಹಗ್ಗ ಮನೆಯಿಂದಲೇ ಬರಬೇಕು, ತೆಂಗಿನ ಒಣಗರಿಗಳನ್ನು ಬಿಗಿದು ಕಟ್ಟಿದ ತೂಟೆಯೂ ಮುನ್ನಾದಿನವೇ ಸಿದ್ಧವಾಗಿರಬೇಕು. ಅಗೆಯಬಾರದೆಂಬ ನಿಷೇಧದಿಂದ ಹಾರೆ, ಪಿಕ್ಕಾಸುಗಳು ಮನೆಯಲ್ಲಿಯೇ ಉಳಿಯುತ್ತವೆ. ಎಂದರೆ, ಬಿಲವನ್ನು ತೋಡಿ ಹಿಡಿಯಬೇಕಾದ ಮುಳ್ಳುಹಂದಿಯಂತಹ ಪ್ರಾಣಿಗಳು ಕೆಡ್ಡಸದ ಬೋಂಟೆಯ ವ್ಯಾಪ್ತಿಯಿಂದ ತಾವಾಗಿಯೇ ಹೊರಗುಳಿಯುತ್ತವೆ; ನೆಲದ ಮೇಲೆ ಓಡುವ ಪ್ರಾಣಿಗಳು ಮಾತ್ರ ಒಳಗಾಗುತ್ತವೆ. ಇದು ಕರೆಯ ಮಾತುಗಳಿಂದ ನಾನು ಮಾಡಿದ ಊಹೆಯೇ ಹೊರತು ಎಲ್ಲ ಕಡೆಯೂ ಹೀಗೆಯೇ ಪಾಲಿಸಲಾಗುತ್ತಿತ್ತೆಂಬ ವಾದವಲ್ಲ. ಆದರೂ ಕರೆಯನ್ನು ಬರಿಯ ಸಾರುವಿಕೆಯೆಂದು ಬಗೆಯುವುದಕ್ಕಿಂತ, ಸಲಕರಣೆಗಳ ಮೇಲಿನ ಶಾಸನವೆಂದೂ ಓದಬಹುದೆಂಬುದನ್ನು ಸಂಶೋಧಕರು ಗಮನಿಸಬೇಕು.

ಕೆಡ್ಡಸದ ತಿನಿಸಿನ ಬಗೆಗೂ ಒಂದು ಮಾತು. ಹುರಿದ ಅಕ್ಕಿಯನ್ನು ಪುಡಿಮಾಡಿ ಬೆಲ್ಲ, ತೆಂಗಿನಕಾಯಿಗಳನ್ನು ಸೇರಿಸಿದ ‘ನನ್ನೆರಿ’ಯು ಭೂಮಿಗೆ ಬಡಿಸುವ ನೈವೇದ್ಯವೆಂದೇ ಪ್ರಸಿದ್ಧವಾಗಿದೆ. ಒಲೆಯ ಹಂಗಿಲ್ಲದೆ, ಹಳಸದೆ, ಬಾಳೆಲೆಯ ಪೊಟ್ಟಣದಲ್ಲಿ ದಿನವಿಡೀ ಉಳಿಯಬಲ್ಲ ಈ ತಿನಿಸು ಬೇಟೆಯ ಬುತ್ತಿಗೂ ಹೇಳಿಮಾಡಿಸಿದಂತಿದೆ. ಬಜಿಲ್, ಬೆಲ್ಲ, ಬಚ್ಚಿರೆ-ಬಜ್ಜೆಯಿಗಳ ಜೊತೆಗೆ ಇದೂ ಸೊಂಟದ ಗಂಟಿನಲ್ಲಿರುತ್ತಿದ್ದುದು ಸಹಜವೇ ಆಗಿದೆ.

ಇನ್ನು ಪ್ರಾಣಿಗಳ ವಿಷಯ. ಕನ್ನಡದ ‘ಜಿಂಕೆ’ ಎಂಬ ಒಂದೇ ಮಾತಿನಿಂದ ಈ ಪರಿಸರದ ಬೇಟೆಯನ್ನು ಅರ್ಥಮಾಡಿಕೊಳ್ಳಲಾಗದು. ಚುಕ್ಕೆಗಳ ಜಿಂಕೆ ಅಥವಾ ಸಾರಗವು ತೆರೆದ ಹುಲ್ಲುಗಾವಲನ್ನೂ ಕುರುಚಲು ಕಾಡನ್ನೂ ಬಯಸುವ, ಹಿಂಡಾಗಿ ಬಾಳುವ ಪ್ರಾಣಿ. ಘಟ್ಟದ ತೇವದ ಕಾಡಿನಲ್ಲಿ ಇದು ವಿರಳ. ಇಲ್ಲಿನ ಬೇಟೆಯ ನೆನಪುಗಳಲ್ಲಿ ಹೆಚ್ಚಾಗಿ ಬರುವವು ಕಡವೆ (ತುಳುವಿನಲ್ಲಿ ಕಡಮ), ಕಾಡುಕುರಿ ಮತ್ತು ಬರಿಂಕ. ಬೆಳೆದ ಗಂಡು ಕಡವೆಯು ಇನ್ನೂರು ಕಿಲೋಗ್ರಾಂಗಳನ್ನು ಮೀರಿ ತೂಗಬಲ್ಲದು. ನಾಯಿಗಳು ಬೆನ್ನಟ್ಟಿದಾಗ ನೀರಿಗಿಳಿದು ತಿರುಗಿ ನಿಲ್ಲುವುದು ಅದರ ಸ್ವಭಾವ. ಕಾಡುಕುರಿಯು ಇಪ್ಪತ್ತರಿಂದ ಮೂವತ್ತು ಕಿಲೋಗ್ರಾಂಗಳ ಒಂಟಿ ಪ್ರಾಣಿ. ಅಪಾಯವನ್ನು ಅರಿತೊಡನೆ ನಾಯಿಯಂತೆ ಬೊಗಳುತ್ತದೆ. ಗಂಡಿನ ಕೋರೆಹಲ್ಲು ಬೇಟೆನಾಯಿಯನ್ನು ಸೀಳಬಲ್ಲದು. ಬರಿಂಕವಂತೂ ಮೂರು ನಾಲ್ಕು ಕಿಲೋಗ್ರಾಂಗಳಷ್ಟೇ ಇರುವ, ಕೊಂಬಿಲ್ಲದ, ಪೊದೆಯಲ್ಲಿ ಮಿಸುಕದೆ ಕುಳಿತು ಕಣ್ತಪ್ಪಿಸುವ ಜೀವಿ. ಕಡವೆಗೆಂದು ಹೊರಟವನಿಗೆ ಗಳು, ಹಗ್ಗ, ಹೊರಲು ಕನಿಷ್ಠ ನಾಲ್ಕಾರು ಹೆಗಲುಗಳು ಬೇಕು. ಬರಿಂಕಕ್ಕೆ ಹೊರಟವನಿಗೆ ಒಂದು ಸಣ್ಣ ಬಲೆ ಸಾಕು. ಒಂದಕ್ಕೆ ಸಿದ್ಧನಾಗಿ ಹೋದವನು ಇನ್ನೊಂದರ ಎದುರು ನಿರುಪಾಯನಾಗುತ್ತಾನೆ.

ಕಾಡುಹಂದಿಯೊಡನೆ ಹೋಲಿಸಿದರೆ ವ್ಯತ್ಯಾಸ ಇನ್ನಷ್ಟು ಸ್ಪಷ್ಟವಾಗುತ್ತದೆ. ಹಂದಿ (ಪಂಜಿ) ತಿರುಗಿ ಬೀಳುವ ಪ್ರಾಣಿ. ಅದರ ಬೇಟೆಗೆ ಉದ್ದನೆಯ ಕಾವಿನ ಈಟಿ ಬೇಕು. ಬೇಟೆಗಾರನಿಗೂ ಕೋರೆಗೂ ನಡುವೆ ಅಂತರವನ್ನು ಉಳಿಸುವುದು ಆ ಕಾವೇ. ಜಿಂಕೆಯ ಜಾತಿ ಹಾಗಲ್ಲ. ಓಡುವುದೇ ಅದರ ರಕ್ಷೆ. ಆದುದರಿಂದ ಇಲ್ಲಿ ಮುಖ್ಯವಾದುದು ಓಟವನ್ನು ತಡೆಯುವ ಪರಿಕರ, ಎಂದರೆ ಬಲೆ. ನಾರಿನ ಹುರಿಯಿಂದ ಹೆಣೆದ ಉದ್ದನೆಯ ಬಲೆಯನ್ನು ಪ್ರಾಣಿಯ ಜಾಡಿಗೆ ಅಡ್ಡವಾಗಿ, ಇಳಿಜಾರಿನ ಕೆಳಬದಿಯಲ್ಲಿ, ಬಿಗಿಯಾಗಿ ಅಲ್ಲದೆ ಸಡಿಲವಾಗಿ ಕಟ್ಟಬೇಕು. ಬಿಗಿಯಾಗಿ ಕಟ್ಟಿದ ಬಲೆ ಪ್ರಾಣಿಯನ್ನು ಹಿಂದಕ್ಕೆ ಚಿಮ್ಮಿಸುತ್ತದೆ. ಸಡಿಲವಾದುದು ಮೈಮೇಲೆ ಬಿದ್ದು ಸುತ್ತಿಕೊಳ್ಳುತ್ತದೆ. ಬಲೆಯ ಕಣ್ಣಿನ ಅಗಲ, ಹುರಿಯ ದಪ್ಪಗಳನ್ನು ನೋಡಿ ಅದು ಮೊಲದ ಬಲೆಯೋ ಕಡವೆಯ ಬಲೆಯೋ ಎಂದು ಹೇಳಬಹುದು. ಕಡವೆಗೆ ತಕ್ಕ ಬಲೆ ಒಬ್ಬನ ಹೊರೆಗೆ ಮಿಕ್ಕಿದ್ದು. ಬಲೆಯನ್ನು ಒಯ್ಯುವುದೆಂದರೆ ಬಲೆ ಹೊರುವವರನ್ನೂ ಒಯ್ಯುವುದು, ಅದನ್ನು ಕಟ್ಟುವಷ್ಟು ಹೊತ್ತು ಸದ್ದಿಲ್ಲದೆ ಕಾಯುವ ಜನರನ್ನೂ ಒಯ್ಯುವುದು.

ಬಲೆಯ ಬೇಟೆಯಲ್ಲಿ ಅರ್ಧದಷ್ಟು ಜನ ಸದ್ದು ಮಾಡಬೇಕು, ಉಳಿದರ್ಧ ಜನ ಸದ್ದು ಮಾಡಬಾರದು. ಸೋವುವವರ ಕೈಯಲ್ಲಿ ದೊಣ್ಣೆ, ಡೋಲು, ಬಾಯಲ್ಲಿ ಕೂಗು. ಬಲೆಯ ಬಳಿ ಹೊಂಚು ಕುಳಿತವರು ಕೆಮ್ಮುವಂತೆಯೂ ಇಲ್ಲ. ಆದುದರಿಂದ ಒಂದೇ ತಂಡದಲ್ಲಿ ಪರಿಕರಗಳ ತರ್ಕ ಎರಡಾಗಿ ಒಡೆಯುತ್ತದೆ. ಪೊದೆಯೊಳಗೆ ನುಗ್ಗುವವನಿಗೆ ಹಾಳೆಯ ಮುಟ್ಟಾಳೆ ತಲೆಯನ್ನು ಮುಳ್ಳಿನಿಂದ ಕಾಯುವ ಸಾಧನ. ಹೊಂಚು ಕುಳಿತವನಿಗೆ ಅದು ಕೊಂಬೆಗೆ ತಗಲಿ ಸದ್ದೆಬ್ಬಿಸುವ, ಬಿಳಿಚಿಕೊಂಡು ದೂರಕ್ಕೆ ಕಾಣುವ ತೊಡಕು. ಫೆಬ್ರವರಿಯಲ್ಲಿ ತರಗೆಲೆ ಒಣಗಿರುತ್ತದೆ. ಹೆಜ್ಜೆಯ ಸಪ್ಪಳ ದೂರಕ್ಕೆ ಕೇಳುತ್ತದೆ. ಬೇಟೆಗಾರನು ಬರಿಗಾಲಿನಲ್ಲಿ ಹೋಗುತ್ತಿದ್ದುದಕ್ಕೆ ಬಡತನವೊಂದೇ ಕಾರಣವೆಂದು ತಿಳಿಯಬೇಕಾಗಿಲ್ಲ. ನೆಲವನ್ನು ಅಂಗಾಲು ಮೊದಲು ಅರಿಯಬೇಕೆಂಬುದೂ ಕಾರಣ. ಮಳೆಗಾಲದ ಬೇಟೆಯಲ್ಲಿ ಉಂಬುಳಗಳಿಗಾಗಿ ಹೊಗೆಸೊಪ್ಪು, ಸುಣ್ಣಗಳನ್ನು ಕಾಲಿಗೆ ಸವರಿಕೊಳ್ಳುವ ರೂಢಿಯಿತ್ತು. ಕೆಡ್ಡಸದ ಹೊತ್ತಿಗೆ ಅದರ ಅಗತ್ಯವಿಲ್ಲ. ಬದಲಾಗಿ ನೀರಿನ ಯೋಚನೆ ಮಾಡಬೇಕು. ಪದವುಗಳ ಮೇಲೆ ಆ ಹೊತ್ತಿಗೆ ಪಳ್ಳಗಳು ಬತ್ತತೊಡಗಿರುತ್ತವೆ.

ನಾಯಿಯನ್ನು ಪರಿಕರವೆನ್ನಬಹುದೇ? ಬೇಟೆಯ ಮಟ್ಟಿಗೆ ಅದು ಪರಿಕರಕ್ಕಿಂತ ಪಾಲುದಾರನೆನ್ನುವುದೇ ಸರಿ. ಕ್ರಿ.ಶ. 949-50ರ ಆತಕೂರು ಶಾಸನವು ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯ ನೆನಪಿಗೆ ನಿಲ್ಲಿಸಿದ ಕಲ್ಲನ್ನು ಉಲ್ಲೇಖಿಸುತ್ತದೆ. ಕನ್ನಡನಾಡಿನ ಬೇಟೆಯಲ್ಲಿ ನಾಯಿಗಿದ್ದ ಸ್ಥಾನಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಆದರೆ ನಾಯಿಯನ್ನು ಕರೆದೊಯ್ಯುವುದೂ ಒಂದು ಆಯ್ಕೆಯೇ. ಹಂದಿಯ ಬೇಟೆಯಲ್ಲಿ ನಾಯಿಯಿಲ್ಲದೆ ಸಾಗದು. ಕಡವೆಯನ್ನು ನೀರಿಗಿಳಿಸಿ ನಿಲ್ಲಿಸುವುದಕ್ಕೂ ನಾಯಿ ಬೇಕು. ಆದರೆ ಕಾಡುಕುರಿಗಾಗಿ ಹೊಂಚು ಕೂರುವವನು ನಾಯಿಯನ್ನು ಮನೆಯಲ್ಲಿಯೇ ಕಟ್ಟಿ ಹೋಗಬೇಕು.

ಬಿಲ್ಲು-ಬಾಣಗಳಿಗೆ ತುಳುವಿನಲ್ಲಿ ‘ಬಿರು-ಪಗರಿ’ ಎಂಬ ಜೋಡುನುಡಿಯಿದೆ. ಬಿಲ್ಲು ಕೈಬಿಟ್ಟುಹೋದ ಮೇಲೆಯೂ ಈ ನುಡಿ ಉಳಿದಿದೆ. ಮುಗೇರ ಸಮುದಾಯದ ಮುದ್ದ, ಕಳಲ, ಅವರ ತಂಗಿ ತನ್ನಿಮಾನಿಗ ಇವರನ್ನು ಕುರಿತ ಪಾಡ್ದನಗಳಲ್ಲಿ ಬೇಟೆಗೆ ದೊರೆತ ಮಹತ್ತ್ವವು ಬೇಟೆಯ ಅರಿವು ಯಾರಲ್ಲಿತ್ತೆಂಬುದನ್ನು ತೋರಿಸುತ್ತದೆ. ಘಟ್ಟದ ಮೇಲಿನ ಮಲೆನಾಡಿನಲ್ಲಿ ಇನ್ನೂ ಸ್ವಾರಸ್ಯಕರವಾದ ಬಳಕೆಯೊಂದಿದೆ. ಅಲ್ಲಿ ಹಳು ನುಗ್ಗಿಸಿದಾಗ ಕೋವಿ ಹಿಡಿದು ಕಾಯುವ ನೆಲೆಗೆ ‘ಬಿಲ್ಲು’ ಎಂದೇ ಹೆಸರು. ಆಯುಧ ಬದಲಾದರೂ ಅದನ್ನು ಹಿಡಿದು ನಿಲ್ಲುವ ಜಾಗ ಹಳೆಯ ಆಯುಧದ ಹೆಸರನ್ನು ಉಳಿಸಿಕೊಂಡಿದೆ.

ಕೋವಿಗೆ ತುಳುವಿನಲ್ಲಿ ‘ಬೆಡಿ’ ಎಂದು ಹೆಸರು. ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿಯು ಪರಿಕರಗಳ ಆಯ್ಕೆಯನ್ನು ಹೇಗೆ ಬದಲಿಸಿತೆಂಬುದನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು. ಅಳತೆಯ ಮದ್ದನ್ನು ನಳಿಗೆಗೆ ಸುರಿದು, ತೆಂಗಿನ ಕತ್ತವನ್ನು ಉಂಡೆಮಾಡಿ ಗಜದಿಂದ ಜಡಿದು, ಅದರ ಮೇಲೆ ಗುಂಡನ್ನೋ ಚರೆಯನ್ನೋ ಹಾಕಿ, ಮತ್ತೆ ಕತ್ತದಿಂದ ಬಿಗಿದು, ಕೊನೆಯಲ್ಲಿ ಕೇಪನ್ನು ಸಿಕ್ಕಿಸಬೇಕು. ಕಡವೆಗೆ, ಹಂದಿಗೆ ಒಂಟಿ ಗುಂಡು. ಮೊಲಕ್ಕೆ, ಹಕ್ಕಿಗೆ ಸಣ್ಣ ಚರೆ. ಕಾಡುಕುರಿಗೆ ಇವೆರಡರ ನಡುವಣ ದೊಡ್ಡ ಚರೆ. ಒಮ್ಮೆ ತುಂಬಿದ ಮೇಲೆ ಅದನ್ನು ತೆಗೆದು ಬೇರೆ ತುಂಬುವುದು ತೊಡಕಿನ, ಅಪಾಯದ ಕೆಲಸ. ಒಂದು ಹೊಡೆತ ತಪ್ಪಿದರೆ ಎರಡನೆಯದಕ್ಕೆ ಸಿದ್ಧವಾಗುವಷ್ಟರಲ್ಲಿ ಪ್ರಾಣಿ ಗುಡ್ಡೆ ದಾಟಿರುತ್ತದೆ. ಹೀಗಾಗಿ ಪ್ರಾಣಿಯನ್ನು ಕಾಣುವ ಮೊದಲೇ, ಯಾವ ಪ್ರಾಣಿಯನ್ನು ಕಾಣುವೆನೆಂಬ ತೀರ್ಮಾನವನ್ನು ಬೇಟೆಗಾರನು ಕೈಗೊಳ್ಳಬೇಕಾಗಿತ್ತು. ಹಿಂದಿನ ದಿನ ಕಂಡ ಹೆಜ್ಜೆ, ಹಿಕ್ಕೆ, ಕೊಂಬು ಉಜ್ಜಿದ ಮರದ ತೊಗಟೆ, ಮೇದ ಚಿಗುರು ಇವೆಲ್ಲ ಆ ತೀರ್ಮಾನದ ಆಧಾರಗಳು. ನಳಿಗೆಯೊಳಗಿನ ಗುಂಡು ಆ ಓದಿನ ಫಲಿತಾಂಶ. ಚರೆ ತುಂಬಿದ ಕೋವಿಯ ಎದುರು ಕಡವೆ ಬಂದು ನಿಂತರೆ, ಬಲ್ಲವನು ಹೊಡೆಯದೆ ಬಿಡುತ್ತಿದ್ದ; ಗಾಯಗೊಂಡು ತಪ್ಪಿಸಿಕೊಂಡ ಪ್ರಾಣಿ ಯಾರ ಪಾಲಿಗೂ ಬರುವುದಿಲ್ಲ. ತೋಟೆಯ ಕೋವಿ ಬಂದ ಮೇಲೆ ಜೇಬಿನಲ್ಲಿ ಎರಡು ಮೂರು ಬಗೆಯ ತೋಟೆಗಳನ್ನು ಇಟ್ಟುಕೊಂಡು, ಎದುರಾದುದಕ್ಕೆ ತಕ್ಕಂತೆ ಬದಲಿಸುವುದು ಸಾಧ್ಯವಾಯಿತು. ಮುನ್ನರಿವಿನ ಅಗತ್ಯ ಅಷ್ಟರಮಟ್ಟಿಗೆ ಕುಗ್ಗಿತು.

ಕೋವಿಯನ್ನು ಯಾರು ಹಿಡಿಯಬಹುದೆಂಬುದು ಎಂದೂ ಬೇಟೆಯ ಪ್ರಶ್ನೆಯಷ್ಟೇ ಆಗಿರಲಿಲ್ಲ. 1837ರ ಅಮರಸುಳ್ಯ ಬಂಡಾಯದಲ್ಲಿ ದಂಗೆಕೋರರು ಬಂಟ್ವಾಳದ ಮೂಲಕ ಮಂಗಳೂರಿಗೆ ಸಾಗಿದ ಜಿಲ್ಲೆಯಿದು. 1878ರ ಶಸ್ತ್ರಾಸ್ತ್ರ ಕಾಯಿದೆಯು ಕೋವಿಗೆ ಪರವಾನಗಿಯನ್ನು ಕಡ್ಡಾಯಗೊಳಿಸಿತು. ನೆರೆಯ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ದೊರೆತ ವಿನಾಯಿತಿ ಮದರಾಸು ಅಧಿಪತ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡಕ್ಕೆ ದೊರೆಯಲಿಲ್ಲ. ಕೊಡಗಿನಲ್ಲಿ ಕೈಲ್‌ಪೊಳ್ದ್‌ನಂದು ಆಯುಧಗಳಿಗೆ ಮನೆಮನೆಯಲ್ಲಿ ಪೂಜೆ ಸಲ್ಲುತ್ತಿದ್ದರೆ, ಇಲ್ಲಿ ಪರವಾನಗಿಯ ಕೋವಿ ಬಹುಮಟ್ಟಿಗೆ ಗುತ್ತು, ಬೀಡು ಮತ್ತು ಅನುಕೂಲಸ್ಥ ಬೇಸಾಯಗಾರರ ಮನೆಗಳಲ್ಲಿ ಉಳಿಯಿತು.

ಈ ಸಂಗತಿಯು ಪರಿಕರಗಳ ಆಯ್ಕೆಯ ಬಗೆಗಿನ ಒಂದು ಭ್ರಮೆಯನ್ನು ಹೋಗಲಾಡಿಸುತ್ತದೆ. ಬೇಟೆಗಾರನು ತನ್ನ ಪರಿಕರವನ್ನು ತಾನೇ ಆರಿಸಿಕೊಂಡನೆಂದು ಬರೆಯುವಾಗ ನಾವು ಯಾವ ಬೇಟೆಗಾರನ ಮಾತನ್ನು ಆಡುತ್ತಿದ್ದೇವೆ? ಕೆಡ್ಡಸದ ಕರೆಯಲ್ಲಿ ಬೋಂಟೆಯು ‘ಅರಸರದು’. ಹೋಗುವುದು ಪ್ರಜೆಗಳ ಕರ್ತವ್ಯ. ಈಟಿಯನ್ನೋ ಬೆಡಿಯನ್ನೋ ಹಿಡಿದು ಆಯಕಟ್ಟಿನ ಜಾಗದಲ್ಲಿ ನಿಲ್ಲುವವರು ಒಂದು ಶ್ರೇಣಿ. ದೊಣ್ಣೆಯೊಂದನ್ನೇ ಹಿಡಿದು ಹಂದಿ, ಚಿರತೆಗಳಿರುವ ಪೊದೆಗೆ ನುಗ್ಗುವವರು ಇನ್ನೊಂದು ಶ್ರೇಣಿ. ಅಪಾಯ ಹೆಚ್ಚಿದಲ್ಲಿ ಆಯುಧ ಕಡಿಮೆ ಎಂಬುದು ಈ ವ್ಯವಸ್ಥೆಯ ವಿಪರ್ಯಾಸ. ಕಾಡಿನ ಜಾಡು, ಬಲೆ ಕಟ್ಟುವ ಜಾಗ, ಗಾಳಿಯ ದಿಕ್ಕುಗಳನ್ನು ಬಲ್ಲವರು ಮಾತ್ರ ಈ ಎರಡನೆಯ ಶ್ರೇಣಿಯವರೇ ಆಗಿದ್ದರು. ಶಿವರಾಮ ಕಾರಂತರ ‘ಕುಡಿಯರ ಕೂಸು’ (1951) ಕಾದಂಬರಿಯು ಮಲೆಕುಡಿಯರ ಕಾಡಿನ ಬದುಕನ್ನು ಚಿತ್ರಿಸುವಾಗ ಈ ಅರಿವನ್ನೂ ಅದರ ಮೇಲಿನ ಒಡೆತನವನ್ನೂ ಒಟ್ಟಿಗೆ ಕಾಣಿಸುತ್ತದೆ.

ತಂದ ಪರಿಕರಕ್ಕೂ ಮರಳಿ ಒಯ್ಯುವ ಮಾಂಸಕ್ಕೂ ನೇರ ಸಂಬಂಧವಿತ್ತು. ಕೋವಿಯ ಪಾಲು, ನಾಯಿಯ ಪಾಲು, ಸೋವಿದವರ ಪಾಲು ಎಂಬ ಎಣಿಕೆ ಮಲೆನಾಡು, ಕರಾವಳಿಗಳೆರಡರ ಬೇಟೆಯಲ್ಲಿಯೂ ಪರಿಚಿತವಾದುದು. ಹೀಗಾಗಿ ಬಲೆಯನ್ನು ಹೊತ್ತೊಯ್ಯುವುದು ಪಾಲಿನ ಮೇಲಿನ ಹಕ್ಕನ್ನು ಹೊತ್ತೊಯ್ಯುವುದೂ ಆಗಿತ್ತು. ಈ ಹಕ್ಕು ಎಲ್ಲಿಯವರೆಗೆ ಹರಡುತ್ತದೆಂಬ ಪ್ರಶ್ನೆ ಎಷ್ಟು ಗಂಭೀರವಾದುದೆಂಬುದಕ್ಕೆ ಕೋಟಿ-ಚೆನ್ನಯರ ಪಾಡ್ದನವೇ ಸಾಕ್ಷಿ. ಪಂಜದ ಕಡೆಯಿಂದ ಬಂದ ಹಂದಿಯನ್ನು ಎಣ್ಮೂರಿನ ಸೀಮೆಯಲ್ಲಿ ಕೊಂದುದರಿಂದ ಹುಟ್ಟಿದ ವಾದವೇ ಎರಡು ಬೀಡುಗಳ ನಡುವಣ ಕಾಳಗಕ್ಕೆ ಕಾರಣವಾಗುತ್ತದೆ. ಹಂದಿ ಎಲ್ಲಿಂದ ಎದ್ದಿತು, ಎಲ್ಲಿ ಬಿದ್ದಿತು, ಯಾರ ಆಯುಧದಿಂದ ಬಿದ್ದಿತು ಎಂಬ ಮೂರು ಪ್ರಶ್ನೆಗಳಿಗೆ ಇಡೀ ನಾಡು ಉತ್ತರ ಹೇಳಬೇಕಾಗುತ್ತದೆ. ಗರೋಡಿಗಳಲ್ಲಿ ಬೈದರ್ಕಳ ಸುರಿಯವು ಪೂಜೆಗೊಳ್ಳುವಾಗ ಆ ಉತ್ತರವೂ ಅದರೊಡನೆ ಉಳಿದುಬಂದಿದೆ.

ಮೂಡುಬಿದಿರೆಯ ಮಾತು ಬೇರೆ. ಸಾವಿರಕಂಬದ ಬಸದಿ (1430), ಧವಳಾದಿ ತಾಳೆಗರಿ ಗ್ರಂಥಗಳ ಭಂಡಾರ, ರತ್ನಾಕರವರ್ಣಿಯಂತಹ ಕವಿ ಇವುಗಳಿಂದ ಹೆಸರಾದ ಈ ಊರಿನಲ್ಲಿ ಬೇಟೆ ಒಂದು ನೈತಿಕ ಪ್ರಶ್ನೆಯಾಗಿ ಎದುರಾಗುತ್ತದೆ. ಜೈನ ಧರ್ಮದ ದೃಷ್ಟಿಯಲ್ಲಿ ಹಿಂಸೆಯು ಆಯುಧದಿಂದ ಆರಂಭವಾಗುವುದಿಲ್ಲ, ಸಂಕಲ್ಪದಿಂದ ಆರಂಭವಾಗುತ್ತದೆ. ಜನ್ನನ ‘ಯಶೋಧರ ಚರಿತೆ’ (1209) ಹಿಟ್ಟಿನ ಕೋಳಿಯ ಬಲಿಯನ್ನೇ ಜನ್ಮಾಂತರಗಳ ದುಃಖಕ್ಕೆ ಕಾರಣವಾಗಿಸಿದ ಕೃತಿ. ಆ ನೋಟದಿಂದ ಕಂಡಾಗ, ಬಲೆಯನ್ನು ಬಿಚ್ಚಿ ಹರಿದ ಕಣ್ಣುಗಳನ್ನು ಸರಿಪಡಿಸುವ ಸಂಜೆಯೇ ಬೇಟೆ ಮುಗಿದಿದೆ. ಮರುದಿನ ಪ್ರಾಣಿ ಸಿಕ್ಕಿತೋ ಇಲ್ಲವೋ ಎಂಬುದು ಅಲ್ಲಿಂದ ಮುಂದಿನ ಮಾತು. ಆದರೂ ಜೈನ ಅರಸುಮನೆತನಗಳು ಆಳಿದ ಈ ಸೀಮೆಯಲ್ಲಿಯೇ ಪಂಜುರ್ಲಿ, ಪಿಲಿಚಾಮುಂಡಿಗಳಂತಹ ಪ್ರಾಣಿಮೂಲದ ದೈವಗಳಿಗೆ ಬೀಡುಗಳಲ್ಲಿ ನೇಮ ನಡೆದುಬಂದಿದೆ. ಅಹಿಂಸೆಯ ಬಸದಿಗೂ ಬೋಂಟೆಯ ಗುಡ್ಡೆಗೂ ನಡುವೆ ಇಲ್ಲಿನ ಜನ ಹೇಗೆ ಹಾದಿ ಮಾಡಿಕೊಂಡರೆಂಬುದು ಪ್ರತ್ಯೇಕ ಅಧ್ಯಯನಕ್ಕೆ ತಕ್ಕ ವಿಷಯ. ದೇವಾಲಯಗಳ ಜಾತ್ರೆಯಲ್ಲಿ ನಡೆಯುವ ಬೇಟೆಯ ಉತ್ಸವವನ್ನೂ ಈ ಹಿನ್ನೆಲೆಯಲ್ಲಿ ಗಮನಿಸಬೇಕು. ಕಾಸರಗೋಡು ಮತ್ತು ಕೇರಳದಲ್ಲಿ ‘ಪಳ್ಳಿಬೇಟೆ’ ಎನಿಸಿಕೊಳ್ಳುವ ಈ ಆಚರಣೆಯಲ್ಲಿ ಪರಿಕರಗಳು ಅತ್ಯಲ್ಪ. ತಿರುವನಂತಪುರದ ಪದ್ಮನಾಭಸ್ವಾಮಿ ದೇವಾಲಯದ ಪಳ್ಳಿಬೇಟೆಯಲ್ಲಿ ರಾಜಮನೆತನದ ಹಿರಿಯರು ಎಳನೀರಿನ ಕಾಯಿಗೆ ಬಾಣ ಬಿಡುತ್ತಾರೆ. ಬೇಟೆಯ ಎಲ್ಲ ಸಲಕರಣೆಗಳನ್ನು ಕಳಚಿ ಒಂದು ಬಿಲ್ಲು, ಒಂದು ಬಾಣಕ್ಕೆ ಇಳಿಸಿದರೂ ‘ಬೇಟೆ’ ಎಂಬ ಹೆಸರು ಉಳಿಯುತ್ತದೆ. ಇದಕ್ಕೆ ತದ್ವಿರುದ್ಧವಾಗಿ, ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದ ಮೃಗಯಾವಿನೋದದಲ್ಲಿ ಜಿಂಕೆಯ ಬೇಟೆಗೆ ಬಗೆಬಗೆಯ ಉಪಾಯಗಳ ವಿವರಗಳಿವೆ, ಅದು ಅರಮನೆಯ ವಿನೋದ. ನಮ್ಮ ಬೋಂಟೆ ಈ ಎರಡಕ್ಕೂ ಸೇರದ ನಡುವಣ ನೆಲೆಯಲ್ಲಿದೆ.

ಸಾಮೂಹಿಕ ಬೋಂಟೆ ನಿಂತುಹೋದುದಕ್ಕೆ ವನ್ಯಜೀವಿ ಸಂರಕ್ಷಣಾ ಕಾಯಿದೆಯೊಂದೇ ಕಾರಣವೆಂದು ಹೇಳುವುದು ರೂಢಿ. ಅದು ಅರ್ಧ ಸತ್ಯ. ಕಾಯಿದೆ ಬಂದುದು 1972ರಲ್ಲಿ; 1991ರ ತಿದ್ದುಪಡಿಯಿಂದ ನಿಷೇಧ ಇನ್ನಷ್ಟು ಬಿಗಿಯಾಯಿತು. ಇದರ ನಡುವೆ, 1974ರಲ್ಲಿ ಕರ್ನಾಟಕದ ಭೂಸುಧಾರಣಾ ಕಾಯಿದೆಯ ತಿದ್ದುಪಡಿ ಜಾರಿಗೆ ಬಂದಿತು. ಗೇಣಿದಾರರು ಭೂಮಾಲೀಕರಾದಾಗ, ಬೀಡಿನ ಕರೆಗೆ ಓಗೊಟ್ಟು ದೊಣ್ಣೆ ಹಿಡಿದು ಪೊದೆಗೆ ನುಗ್ಗಬೇಕಾದ ಹಂಗು ಕಳಚಿತು. ಸೋವುವವರಿಲ್ಲದೆ ಬಲೆಯಿಂದ ಪ್ರಯೋಜನವಿಲ್ಲ. ದೊಡ್ಡ ಬಲೆಗಳು ಅಟ್ಟವೇರಿದುದಕ್ಕೆ ಅರಣ್ಯ ಇಲಾಖೆಯ ಭಯದಷ್ಟೇ ಈ ಬಿಡುಗಡೆಯೂ ಕಾರಣವೆಂದು ನನ್ನ ಅಭಿಪ್ರಾಯ.

ಆ ಬಳಿಕ ಕದ್ದು ನಡೆದ ಬೇಟೆಯ ಪರಿಕರಗಳೇ ಬೇರೆ. ತಲೆಗೆ ಕಟ್ಟಿದ ಹೆಡ್‌ಲೈಟ್, ಜೀಪು, ತಂತಿಯ ಉರುಳು. ಬೆಳಕಿಗೆ ಕಣ್ಣು ಕೋರೈಸಿ ನಿಂತ ಪ್ರಾಣಿಯನ್ನು ಹೊಡೆಯಲು ಹೆಜ್ಜೆಯ ಓದು ಬೇಕಾಗಿಲ್ಲ, ಜನರೂ ಬೇಕಾಗಿಲ್ಲ. ಉರುಳಿಗಂತೂ ಬೇಟೆಗಾರನೇ ಬೇಕಾಗಿಲ್ಲ. ಹಂದಿಗೆಂದು ತೋಟದ ಬೇಲಿಯಲ್ಲಿ ಒಡ್ಡಿದ ತಂತಿಯಲ್ಲಿ ಚಿರತೆ ಸಿಕ್ಕಿ ಸಾಯುವ ಸುದ್ದಿ ಈ ಜಿಲ್ಲೆಗೆ ಹೊಸದಲ್ಲ. ಹಳೆಯ ಬೇಟೆ ಹಿಂಸೆಯಿಂದ ಮುಕ್ತವಾಗಿತ್ತೆಂದೋ ಪರಿಸರಪ್ರಜ್ಞೆಯಿಂದ ಕೂಡಿತ್ತೆಂದೋ ವೈಭವೀಕರಿಸುವ ಬರಹಗಳನ್ನು ನಾನು ಒಪ್ಪುವುದಿಲ್ಲ. ಹಳೆಯ ಪರಿಕರಗಳು ಬೇಟೆಗಾರನ ಶಕ್ತಿಗೆ ಮಿತಿಯನ್ನು ಹಾಕುತ್ತಿದ್ದವು. ಆ ಮಿತಿ ಸದ್ಗುಣದಿಂದ ಬಂದುದಲ್ಲ, ಭಾರದಿಂದ, ದೂರದಿಂದ, ಒಂಟಿ ಗುಂಡಿನಿಂದ ಬಂದುದು.

ಕಾಯಿದೆಯು ‘ಬೇಟೆ’ ಎಂಬ ಪದಕ್ಕೆ ನೀಡುವ ವ್ಯಾಖ್ಯೆಯು ಜಾನಪದ ಸಂಶೋಧಕರು ತಿಳಿದಿರಬೇಕಾದಷ್ಟು ವಿಸ್ತಾರವಾದುದು. ಕೊಲ್ಲುವುದು ಮಾತ್ರವಲ್ಲ, ಹಿಡಿಯುವುದು, ಉರುಳೊಡ್ಡುವುದು, ಸೋವುವುದು, ಆಮಿಷವೊಡ್ಡುವುದು, ಇವುಗಳಿಗೆ ಯತ್ನಿಸುವುದು ಎಲ್ಲವೂ ಬೇಟೆಯೇ. ಅಪರಾಧಕ್ಕೆ ಬಳಸಿದ ಆಯುಧ, ಬಲೆ, ವಾಹನಗಳು ಸರಕಾರದ ಸ್ವತ್ತಾಗುತ್ತವೆ. ಜಗಲಿಯ ಗೋಡೆಯಲ್ಲಿ ಛತ್ರಿ, ಅಂಗಿಗಳನ್ನು ತೂಗುಹಾಕಲು ಇರಿಸಿದ ಕಡವೆಯ ಕವಲುಗೊಂಬಿಗೂ ಕಾಯಿದೆಯ ಪ್ರಕಾರ ದಾಖಲೆ ಬೇಕು. ಹೀಗಿರುವಾಗ ಹಿರಿಯರೊಬ್ಬರು ಹಳೆಯ ಬಲೆಯನ್ನು ತೋರಿಸಲು ಹಿಂಜರಿದರೆ ಅದು ಅಸಹಕಾರವಲ್ಲ. ಧ್ವನಿಮುದ್ರಣದಲ್ಲಿ ಅವರ ಹೆಸರು, ಊರುಗಳನ್ನು ಸೇರಿಸಿ ಗ್ರಂಥಾಲಯದಲ್ಲಿಡುವ ನಮ್ಮ ಅಭ್ಯಾಸವು ಪಾಡ್ದನದ ಸಂಗ್ರಹಕ್ಕೆ ಒಪ್ಪುವಷ್ಟು ಇಲ್ಲಿ ಒಪ್ಪುವುದಿಲ್ಲ. 1998ರಲ್ಲಿ ಲೌರಿ ಹಾಂಕೊ ಅವರ ಸಂಪಾದಕತ್ವದಲ್ಲಿ ಪ್ರಕಟವಾದ ಸಿರಿ ಪಾಡ್ದನವು ಬೆಳ್ತಂಗಡಿ ತಾಲೂಕಿನ ಮಾಚಾರಿನ ಗೋಪಾಲ ನಾಯ್ಕರ ಹೆಸರಿನಿಂದಲೇ ವಿಶ್ವಮಾನ್ಯವಾಯಿತು. ಕಲಾವಿದನ ಹೆಸರು ಅಲ್ಲಿ ಗೌರವ. ಬಲೆ ಕಟ್ಟುವ ಕೌಶಲವನ್ನು ವಿವರಿಸಿದವನಿಗೆ ಅದೇ ಹೆಸರು ಆಪತ್ತಾಗಬಹುದು. ಮಾಹಿತಿದಾರರ ಹೆಸರನ್ನು ಬೇರೆಯಾಗಿ, ನಿಗದಿತ ಕಾಲದವರೆಗೆ ಮುಚ್ಚಿದ ಕಡತದಲ್ಲಿ ಇರಿಸುವ ಕ್ರಮವನ್ನು ನಮ್ಮ ಅಕಾಡೆಮಿ, ವಿಶ್ವವಿದ್ಯಾಲಯಗಳು ರೂಪಿಸಬೇಕಾಗಿದೆ.

ವಸ್ತುಸಂಗ್ರಹಾಲಯಗಳ ಮಟ್ಟಿಗೂ ಒಂದು ಸೂಚನೆಯಿದೆ. ಧರ್ಮಸ್ಥಳದ ಮಂಜೂಷಾ, ಬಿ.ಸಿ. ರೋಡಿನ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದಂತಹ ಸಂಗ್ರಹಗಳು ಈ ಪರಿಸರದ ವಸ್ತುಗಳನ್ನು ಉಳಿಸಿರುವುದು ದೊಡ್ಡ ಕೆಲಸವಾಗಿದೆ. ಇಂತಹ ಯಾವುದೇ ಸಂಗ್ರಹಕ್ಕೆ ಬೇಟೆಯ ಪರಿಕರವೊಂದು ಬಂದಾಗ ಅದರ ಹೆಸರು, ಅಳತೆ, ದೊರೆತ ಊರುಗಳ ಜೊತೆಗೆ ಇನ್ನೂ ಕೆಲವನ್ನು ಬರೆದಿಡಬೇಕು. ಇದನ್ನು ಯಾವುದರೊಡನೆ ಒಯ್ಯುತ್ತಿದ್ದರು, ಇದನ್ನು ಒಯ್ಯುವಾಗ ಯಾವುದನ್ನು ಬಿಟ್ಟು ಹೋಗುತ್ತಿದ್ದರು, ಯಾರು ಹೊರುತ್ತಿದ್ದರು, ಯಾರು ಹಿಡಿಯುತ್ತಿದ್ದರು, ಇದಕ್ಕೆ ಎಷ್ಟು ಪಾಲು ಸಲ್ಲುತ್ತಿತ್ತು. 1988ರಿಂದ 1997ರ ಅವಧಿಯಲ್ಲಿ ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದಿಂದ ಆರು ಸಂಪುಟಗಳಲ್ಲಿ ಹೊರಬಂದ ತುಳು ನಿಘಂಟು ಪದಗಳ ಅರ್ಥವನ್ನು ನಮಗೆ ಒದಗಿಸಿದೆ. ಬಲೆಯನ್ನು ಎಷ್ಟು ಸಡಿಲ ಬಿಡಬೇಕೆಂಬುದು, ಗಂಟು ಯಾವ ಬದಿಗೆ ಬರಬೇಕೆಂಬುದು ನಿಘಂಟಿಗೆ ನಿಲುಕುವ ವಿಷಯವಲ್ಲ. ಅದನ್ನು ಕೈಯಿಂದ ಮಾಡಿ ತೋರಿಸಬಲ್ಲವರು ಎಂಬತ್ತು ದಾಟಿದವರು. ಕಾಡಿಗೆ ಹೋಗದೆ, ಪ್ರಾಣಿಗೆ ಕೇಡಿಲ್ಲದೆ, ಅಂಗಳದ ಎರಡು ತೆಂಗಿನ ಮರಗಳ ನಡುವೆ ಬಲೆ ಕಟ್ಟಿಸಿ ಚಿತ್ರೀಕರಿಸಿಕೊಳ್ಳಲು ಒಂದು ಮಧ್ಯಾಹ್ನ ಸಾಕು.